ಟ್ಯಾಂಕಿನೊಳಗೆ ಬಸ್ಸು

ನಮ್ಮ ಭಾವನಿಗೆ ಅಚ್ಚುಕಟ್ಟಿನ ಹುಚ್ಚು ಇಲ್ಲದಿದ್ದರೆ ಬಸ್ ಡಿಪೋಗೆ ನೀರು ನುಗ್ಗುತ್ತಿರಲಿಲ್ಲ, ನಮ್ಮ ಮನೆಯಲ್ಲಿ ಇಬ್ಬರು ದೊಡ್ಡಪ್ಪಂದಿರೂ ಆಗುತ್ತಿರಲಿಲ್ಲ. ಯಾರ ಮೇಲೂ ಗೂಬೆ ಕೂರಿಸಲು ಈ ಮಾತು ಹೇಳುತ್ತಿಲ್ಲ. ಭಾವ ನನ್ನ ಅಕ್ಕನ ಗಂಡ, ನಾನು ಅವರದೇ ಮನೆಯ ಮಹಡಿಯ ಮೇಲಿನ ಕೋಣೆಯಲ್ಲಿ ಇರುವವನು, ಅವರ ಅನ್ನವನ್ನೇ ತಿನ್ನುವವನು. ಆದರೂ ನಡೆದದ್ದನ್ನು ನಡೆದ ಹಾಗೆ ಹೇಳಬೇಕಲ್ಲ.

ನಮ್ಮ ಊರಿನ ಫೈಬರ್ ಕೇಬಲ್ಲುಗಳೆಲ್ಲ ಬಂದು ಸೇರುವ ಒಂದು ಕಟ್ಟಡವಿದೆ. ಅದಕ್ಕೆ ಸ್ಟೇಷನ್ ಎನ್ನುತ್ತಾರೆ. ಅಲ್ಲಿಗೆ ರೈಲು ಬರುವುದಿಲ್ಲ, ಅಲ್ಲಿ ಪೊಲೀಸರೂ ಇರುವುದಿಲ್ಲ. ಒಳಗೆ ಬೀರುವಿನಷ್ಟು ಎತ್ತರದ ಯಂತ್ರಗಳು ಗುಯ್‌ಗುಡುತ್ತಾ ನಿಂತಿರುತ್ತವೆ. ಅವುಗಳ ಮುಂದೆ ಹಳದಿ ವೈರುಗಳು ಇಳಿಬಿದ್ದಿರುತ್ತವೆ. ಪ್ರತಿ ವೈರಿನೊಳಗೂ ಕೂದಲೆಳೆಯಷ್ಟು ಸಣ್ಣ ಗಾಜಿನ ಎಳೆ, ಅದರೊಳಗೆ ಓಡುವ ಬೆಳಕು. ಆ ಬೆಳಕು ಕಣ್ಣಿಗೆ ಕಾಣಿಸುವುದಿಲ್ಲವಂತೆ. ಕಾಣದ ಬೆಳಕನ್ನು ಕಾಯುವುದೇ ಭಾವನ ಕೆಲಸ. ನಾನು ಕನ್ನಡಕದ ಅಂಗಡಿಯಲ್ಲಿ ಕೂರುವವನಾದ್ದರಿಂದ ಈ ವ್ಯವಹಾರದ ಮೇಲೆ ನನಗೆ ಮೊದಲಿನಿಂದಲೂ ಅನುಮಾನ.

ಸ್ಟೇಷನ್ನಿನ ಹಿಂದಿನ ಇನ್‌ಚಾರ್ಜ್ ನಿವೃತ್ತರಾಗಿದ್ದರು. ಆ ಜಾಗದಲ್ಲಿ ಸದ್ಯಕ್ಕೆ ಕೂತಿದ್ದವರು ಭಾವ. ಸದ್ಯಕ್ಕೆ ಎಂಬ ಪದ ಭಾವನಿಗೆ ಹಿಡಿಸಲಿಲ್ಲ. ಆದೇಶ ಬರುವ ಮೊದಲೇ ಪೇಂಟರನನ್ನು ಹಿಡಿದು ‘ಸ್ಟೇಷನ್ ಇನ್‌ಚಾರ್ಜ್’ ಎಂದು ಬೋರ್ಡು ಬರೆಸಿ ಮನೆಯ ಗೇಟಿಗೆ ಸ್ಕ್ರೂ ಹೊಡೆದು ಕೂರಿಸಿಬಿಟ್ಟರು. ಎದುರುಮನೆಯ ಮೇಷ್ಟರು ಅದನ್ನು ಓದಿ, “ಆದೇಶ ಬಂತಾ?” ಎಂದರು. “ಬಂದ ಹಾಗೆ,” ಎಂದರು ಭಾವ. ಮೇಷ್ಟರು ಮತ್ತೊಮ್ಮೆ ಬೋರ್ಡನ್ನು ಓದಿ, “ಅಕ್ಷರ ಚೆನ್ನಾಗಿದೆ,” ಎಂದು ಹೇಳಿ ಒಳಗೆ ಹೋದರು.

ಆದೇಶ ಬರಬೇಕಾದರೆ ಮೇಲಿನಿಂದ ಒಬ್ಬ ಅಧಿಕಾರಿ ಬಂದು ಸ್ಟೇಷನ್ ಪರೀಕ್ಷೆ ಮಾಡಬೇಕಿತ್ತು. ಅವರಿಗೆ ಒಪ್ಪಿಗೆಯಾದರೆ ಭಾವ ಇನ್‌ಚಾರ್ಜ್. ಇಲ್ಲದಿದ್ದರೆ ಗುಡ್ಡದ ಮೇಲಿನ ಟವರಿಗೆ ವರ್ಗ. ಆ ಗುಡ್ಡದ ಮೇಲೆ ಒಂದು ಕೋಣೆ, ಒಂದು ಟವರು, ಬೇಕಾದಷ್ಟು ಗಾಳಿ ಬಿಟ್ಟರೆ ಬೇರೇನೂ ಇಲ್ಲ. ಅಕ್ಕ ಮುಂದಿನ ಕೋಣೆಯಲ್ಲಿ ಹೊಲಿಗೆ ಕ್ಲಾಸು ನಡೆಸುತ್ತಾಳೆ. “ಅಲ್ಲಿ ನಾನು ಯಾರಿಗೆ ಹೊಲಿಗೆ ಕಲಿಸಲಿ? ಟವರಿಗೆ ಅಂಗಿ ಹೊಲಿಯಲಾ? ನೀವು ಹೋಗಿ, ನಾನು ಬರಲ್ಲ,” ಎಂದು ಖಡಾಖಂಡಿತವಾಗಿ ಹೇಳಿಬಿಟ್ಟಿದ್ದಳು. ಅಕ್ಕ ಹೇಳಿದ ಮೇಲೆ ಹೇಳಿದಳು ಎಂದೇ ಲೆಕ್ಕ. ಹೀಗಾಗಿ ಆ ಪರೀಕ್ಷೆ ನಮ್ಮ ಮನೆಯ ಸಂಸಾರದ ಪರೀಕ್ಷೆಯೂ ಆಗಿತ್ತು.

ಪರೀಕ್ಷೆಯ ಹಿಂದಿನ ದಿನ ಸಂಜೆ ಭಾವ ಸ್ಟೇಷನ್ನಿನಲ್ಲಿ ಒಬ್ಬರೇ ನಿಂತು ಎಲ್ಲವನ್ನೂ ನೋಡಿದರು. ನೆಲ ಹೊಳೆಯುತ್ತಿತ್ತು. ಯಂತ್ರಗಳ ಮೇಲೆ ಧೂಳಿರಲಿಲ್ಲ. ದೀಪಗಳೆಲ್ಲ ಹಸಿರಾಗಿದ್ದವು. ಆದರೆ ಹಳದಿ ವೈರುಗಳ ಸಾಲಿನಲ್ಲಿ ಎರಡು ಮಾತ್ರ ಒಂದರ ಮೇಲೊಂದು ಅಡ್ಡ ಹಾಯ್ದಿದ್ದವು. ಉಳಿದವೆಲ್ಲ ನೇರವಾಗಿ ಇಳಿದಿರುವಾಗ ಇವೆರಡು ಹೀಗೆ ಕಾಲಿನ ಮೇಲೆ ಕಾಲು ಹಾಕಿಕೊಂಡು ಕೂತಿರುವುದು ಭಾವನ ಕಣ್ಣಿಗೆ ಚುಚ್ಚಿತು. ಎರಡನ್ನೂ ಕಿತ್ತು, ಎಡಗಡೆಯದನ್ನು ಎಡಕ್ಕೂ ಬಲಗಡೆಯದನ್ನು ಬಲಕ್ಕೂ ಚುಚ್ಚಿ, ನೇರ ಮಾಡಿದರು. ನೋಡಲು ಬಲು ಚಂದವಾಯಿತು. ಆಮೇಲೆ ಯಂತ್ರ ಕೂಗಿಕೊಂಡಿತು.

ಹಸಿರಾಗಿದ್ದ ಎರಡು ದೀಪಗಳು ಹಳದಿಯಾದವು. ಭಾವ ಮೊದಲು ವೈರಿನ ತುದಿಗಳನ್ನು ಒರೆಸಿದರು. ಆಮೇಲೆ ಮೀಟರು ಹಿಡಿದು ಬೆಳಕನ್ನು ಅಳೆದರು. ಬೆಳಕು ಗಟ್ಟಿಮುಟ್ಟಾಗಿತ್ತು. ಬೆಳಕು ಚೆನ್ನಾಗಿ ಬರುತ್ತಿದ್ದರೂ ಯಂತ್ರ ಅದನ್ನು ಒಳಗೆ ಬಿಟ್ಟುಕೊಳ್ಳುತ್ತಿಲ್ಲ ಎಂದರೆ ಏನರ್ಥ? ಭಯದ ನಡುವೆಯೂ ಭಾವನಿಗೆ ಕುತೂಹಲ ಹುಟ್ಟಿತು. ಇದು ಅವರ ದೊಡ್ಡ ಗುಣ. ಮನೆಗೆ ಬೆಂಕಿ ಬಿದ್ದರೂ ಎಲ್ಲಿಂದ ಶುರುವಾಯಿತು ಎಂದು ನೋಡಲು ಅವರು ಒಳಗೇ ನಿಲ್ಲುವ ಪೈಕಿ. ಕಂಪ್ಯೂಟರಿನ ಮುಂದೆ ಕೂತು, ಆ ಅಲಾರಂ ಏನು ಹೇಳುತ್ತಿದೆ ಎಂದು ಓದಿದರು.

ಊಟಕ್ಕೆ ಕೂತಾಗ ಅದನ್ನು ನಮಗೆ ವಿವರಿಸಿದರು. “ಬೆಳಕಿಗೂ ಹೆಸರಿದೆ ಕಣೋ, ನಿನಗೆ ಗೊತ್ತಾ?” ಎಂದು ಟಾರ್ಚನ್ನು ನನ್ನ ಮುಖಕ್ಕೆ ಹಿಡಿದರು. “ಈ ಟಾರ್ಚು ನಾನು ಯಾರು ಅಂತ ಹೇಳಲ್ಲ. ಅಲ್ಲಿ ಹಾಗಲ್ಲ. ಆ ಕಡೆಯಿಂದ ಬರೋ ಬೆಳಕು ಒಂದೇ ಸಮನೆ ತನ್ನ ಹೆಸರು ಹೇಳ್ತಾ ಬರುತ್ತೆ. ಈ ಕಡೆ ಯಂತ್ರ ಇಂಥ ಹೆಸರಿನವರು ಬರ್ತಾರೆ ಅಂತ ಕಾಯ್ತಾ ಇರುತ್ತೆ. ಎರಡೂ ಹೊಂದಿದ್ರೆ ಒಳಗೆ ಬಿಡುತ್ತೆ. ಹೊಂದದಿದ್ರೆ ಬಾಗಿಲು ಹಾಕಿ ಕೂಗ್ಕೊಳ್ಳುತ್ತೆ.”

“ಎಷ್ಟು ಸಲ ಕೇಳುತ್ತೆ ಹೆಸರನ್ನ?” ಎಂದು ಅಕ್ಕ ಕೇಳಿದಳು.

“ನಿಲ್ಲಿಸೋದೇ ಇಲ್ಲ. ಕೇಳ್ತಾನೇ ಇರುತ್ತೆ.”

“ಮರ್ಯಾದೆ ಇಲ್ಲದ ಯಂತ್ರ. ಮನೆಗೆ ಬಂದವರನ್ನ ಯಾರಾದ್ರೂ ಹಾಗೆ ಕೇಳ್ತಾರಾ?”

“ಅದಕ್ಕೇ ನಾನು ಅದಕ್ಕೆ ಬುದ್ಧಿ ಹೇಳಿದೆ,” ಎಂದು ಭಾವ ಬೀಗಿದರು. “ನೀನು ಕಾಯ್ತಿರೋ ಹೆಸರು ಬೇರೆ, ಬರ್ತಿರೋ ಹೆಸರು ಬೇರೆ. ಬರೋವ್ರನ್ನ ಯಾಕೆ ದೂರ್ತೀಯಾ, ನೀನು ಕಾಯೋ ಹೆಸರನ್ನೇ ಬದಲಾಯಿಸ್ಕೋ ಅಂತ ಹೇಳಿ, ಬರ್ತಿರೋ ಹೆಸರನ್ನೇ ಅಲ್ಲಿ ಟೈಪ್ ಮಾಡ್ಬಿಟ್ಟೆ. ತಕ್ಷಣ ಹಸಿರು. ಗಪ್‌ಚುಪ್. ಸಂಸಾರಕ್ಕೂ ಇದೇ ಸೂತ್ರ. ಬಂದದ್ದಕ್ಕೆ ತಕ್ಕ ಹಾಗೆ ನಾವು ಕಾಯೋದನ್ನ ತಿದ್ಕೊಂಡ್ರೆ ತಕರಾರೇ ಇಲ್ಲ.”

“ಉಪ್ಪು ಸರಿಯಾಗಿದೆಯಾ?” ಎಂದಳು ಅಕ್ಕ.

“ಇಲ್ಲ. ಆದರೆ ನಾನು ತಿದ್ಕೊಂಡಿದೀನಿ,” ಎಂದು ಭಾವ ಸಂತೋಷವಾಗಿ ಊಟ ಮಾಡಿದರು.

ಹೆಸರು ಯಾಕೆ ಬದಲಾಯಿತು ಎಂದು ನಾನು ಕೇಳಿದೆ. ಭಾವ, “ಅದೇ ಸೋಜಿಗ,” ಎಂದರು. ಅಡ್ಡ ಹಾಯ್ದಿದ್ದ ವೈರುಗಳನ್ನು ತಾವೇ ನೇರ ಮಾಡಿದ್ದಕ್ಕೂ ಇದಕ್ಕೂ ಸಂಬಂಧವಿರಬಹುದು ಎಂಬುದು ಅವರ ತಲೆಗೆ ಹೊಳೆಯಲೇ ಇಲ್ಲ. ನೇರ ಮಾಡಿದ್ದರಿಂದ ಕೆಡುಕಾಗುತ್ತದೆ ಎಂದು ಅಚ್ಚುಕಟ್ಟಿನವರು ಎಂದಿಗೂ ಯೋಚಿಸುವುದಿಲ್ಲ.

ಹೊಳೆಯಬೇಕಾಗಿದ್ದದ್ದು ಇಷ್ಟು. ಆ ಎರಡು ವೈರುಗಳಲ್ಲಿ ಒಂದು ಊರಿನ ನೀರಿನ ಟ್ಯಾಂಕಿನ ಕ್ಯಾಮೆರಾದಿಂದ ಬರುತ್ತಿತ್ತು. ಯಂತ್ರ ಅದರ ಚಿತ್ರವನ್ನು ನೀರು ಸರಬರಾಜು ಕಚೇರಿಗೆ ಕಳಿಸುತ್ತಿತ್ತು. ಇನ್ನೊಂದು ಬಸ್ ಡಿಪೋದ ಕ್ಯಾಮೆರಾದಿಂದ ಬರುತ್ತಿತ್ತು. ಅದರ ಚಿತ್ರ ಪೇಟೆಯಲ್ಲಿ ಕೂರುವ ಡಿಪೋ ಮ್ಯಾನೇಜರರ ಕಚೇರಿಗೆ ಹೋಗುತ್ತಿತ್ತು. ಈಗ ನೀರು ಬಸ್ಸಿನ ಜಾಗಕ್ಕೂ ಬಸ್ಸು ನೀರಿನ ಜಾಗಕ್ಕೂ ಹೊರಟಿದ್ದವು. ಯಂತ್ರ ಬಾಯಿ ಬಡಿದುಕೊಂಡು ಹೇಳಿದ್ದು ಅದನ್ನೇ. ಕಚೇರಿಗಳು ಬಾಗಿಲು ಹಾಕಿದ್ದರಿಂದ ಆ ಸಂಜೆ ಯಾರೂ ನೋಡಲಿಲ್ಲ.

ಮರುದಿನ ಬೆಳಿಗ್ಗೆ ಭಾವ ಇಸ್ತ್ರಿಯ ಅಂಗಿ ತೊಟ್ಟು, ಅಧಿಕಾರಿಗಳನ್ನು ಬರಮಾಡಿಕೊಳ್ಳಲು ಬಸ್ ನಿಲ್ದಾಣಕ್ಕೆ ಹೊರಟರು. ಹೊರಡುವ ಮೊದಲು ಇನ್ನೊಂದು ಜಾಣತನ ಮಾಡಿದ್ದರು. ಅಧಿಕಾರಿಗಳ ಮುಂದೆ ಸ್ಟೇಷನ್ನಿನ ಫೋನಿಗೆ ದೂರು ಬಂದರೆ ಮರ್ಯಾದೆ ಹೋಗುತ್ತದೆಂದು, ಅಲ್ಲಿಗೆ ಬರುವ ಕರೆಗಳೆಲ್ಲ ಮನೆಯ ಫೋನಿಗೆ ಬರುವ ಹಾಗೆ ಮಾಡಿಟ್ಟಿದ್ದರು. “ಯಾರಾದ್ರೂ ಫೋನ್ ಮಾಡಿದ್ರೆ ನೋಡ್ತಾ ಇದೀವಿ ಅನ್ನು,” ಎಂದು ಅಕ್ಕನಿಗೆ ಹೇಳಿದರು.

ಅದೇ ದಿನ ನಮ್ಮ ದೊಡ್ಡಪ್ಪನೂ ಬರುವವರಿದ್ದರು. ನಮ್ಮಪ್ಪನ ಅಣ್ಣ. ರೈಲ್ವೆಯಲ್ಲಿ ಟಿಕೆಟ್ ಪರೀಕ್ಷಕರಾಗಿ ದೂರದ ಊರಿನಲ್ಲಿ ನೆಲೆಸಿದವರು. ನಾವು ಅವರನ್ನು ಕಂಡದ್ದು ಚಿಕ್ಕವರಿದ್ದಾಗ. ಈಗ ಕಣ್ಣು ಮಂಜಾಗಿದೆ, ತಮ್ಮನ ಮಗನ ಅಂಗಡಿಯಲ್ಲೇ ಕನ್ನಡಕ ಮಾಡಿಸಬೇಕು ಎಂದು ಫೋನು ಮಾಡಿಸಿದ್ದರು. ಮಧ್ಯಾಹ್ನದ ಬಸ್ಸಿಗೆ ಬರುತ್ತೇನೆ ಎಂದಿದ್ದರು. ಮನೆಯಲ್ಲಿದ್ದ ಒಂದೇ ಒಂದು ಫೋಟೋದಲ್ಲಿ ದೊಡ್ಡಪ್ಪನ ಮುಖಕ್ಕೆ ಯಾರದೋ ತಲೆ ಅಡ್ಡ ಬಂದು, ಒಂದು ಕಿವಿ ಮಾತ್ರ ಕಾಣುತ್ತಿತ್ತು. ದೊಡ್ಡ ಕಿವಿ. ಅದು ಬಿಟ್ಟರೆ ನನಗೆ ನೆನಪಿದ್ದದ್ದು ಅವರ ತಮಾಷೆಯೊಂದೇ. ಯಾವ ಬಾಗಿಲಲ್ಲಿ ನಿಂತರೂ ಕೈ ಚಾಚಿ, ಗಂಭೀರವಾಗಿ “ಟಿಕೆಟ್?” ಎಂದು ಕೇಳುತ್ತಿದ್ದರು.

ಭಾವ ಹೋದ ಸ್ವಲ್ಪ ಹೊತ್ತಿಗೆ ನಮ್ಮ ಗೇಟಿನ ಮುಂದೆ ಒಬ್ಬ ಹಿರಿಯರು ನಿಂತು ಬೋರ್ಡನ್ನು ಓದುತ್ತಿದ್ದರು. ಸಡಿಲ ಅಂಗಿ, ಹೆಗಲಿಗೆ ಬಟ್ಟೆಯ ಚೀಲ, ಕೈಯಲ್ಲಿ ಕೊಡೆ. ಕಾಲರಿನ ಅಂಚು ಹರಿದಿತ್ತು. “ಇನ್‌ಚಾರ್ಜ್ ಮನೆ ಇದೇ ಅಲ್ವಾ? ಅಲ್ಲಿ ಬೀಗ ಹಾಕಿತ್ತು. ಟೀ ಅಂಗಡಿಯವರು ಈ ಮನೆ ತೋರಿಸಿದ್ರು,” ಎಂದರು.

“ಅಯ್ಯೋ ಬನ್ನಿ ಬನ್ನಿ. ಮಧ್ಯಾಹ್ನ ಅಂದಿದ್ರಿ, ಬೆಳಿಗ್ಗೇನೇ ಬಂದ್ಬಿಟ್ರಿ. ಎಷ್ಟು ವರ್ಷ ಆಯ್ತು,” ಎಂದು ಅಕ್ಕ ಚೀಲ ಕಿತ್ತುಕೊಂಡು ಒಳಗೆ ಕರೆದೊಯ್ದೇಬಿಟ್ಟಳು. ಬಂದವರು “ಅಲ್ಲಮ್ಮ, ನಾನು…” ಎಂದರು. “ಮೊದಲು ಕೂತ್ಕೊಳ್ಳಿ, ಆಮೇಲೆ ಮಾತು,” ಎಂದಳು ಅಕ್ಕ. ಅವರು ಕೂತರು. “ವಿಷಯ ಏನಂದ್ರೆ…” ಎಂದರು. “ಬಿಸಿ ಇರುವಾಗ್ಲೇ ಕುಡೀರಿ,” ಎಂದು ಟೀ ಕೈಗಿಟ್ಟಳು. ಅವರು ಕುಡಿದರು. ಆಮೇಲೆ ಅವರು ಮಾತನ್ನೇ ಕೈಬಿಟ್ಟರು.

ನಾನು ಅವರ ಕಿವಿಗಳನ್ನು ನೋಡಿದೆ. ಸಾಧಾರಣ ಕಿವಿಗಳು. ಅಕ್ಕನನ್ನು ಅಡುಗೆಮನೆಗೆ ಕರೆದು, “ಕಿವಿ ಹೊಂದ್ತಾ ಇಲ್ಲ,” ಎಂದೆ.

“ವಯಸ್ಸಾದ್ಮೇಲೆ ಮುಖ ತುಂಬಿಕೊಂಡಿದೆ, ಕಿವಿ ಚಿಕ್ಕದಾಗಿ ಕಾಣುತ್ತೆ.”

“ಟಿಕೆಟ್ ಅಂತ ಕೇಳಲೇ ಇಲ್ಲ.”

“ರಿಟೈರ್ ಆಗಿ ಎಷ್ಟು ಕಾಲ ಆಯ್ತು, ಇನ್ನೂ ಕೇಳ್ತಾರಾ?”

“ಹೆಸರೇನು ಅಂತ ಒಂದ್ಸಲ ಕೇಳಿಬಿಡೋಣ.”

ಅಕ್ಕ ನನ್ನನ್ನು ನೋಡಿದ ರೀತಿಗೆ ನಾನು ಅಲ್ಲಿಗೇ ಬಾಯಿ ಮುಚ್ಚಿಕೊಂಡೆ. “ಮನೆ ಬಾಗಿಲಿಗೆ ಬಂದ ದೊಡ್ಡಪ್ಪನನ್ನ ನೀನು ಯಾರು ಅಂತ ಕೇಳ್ತೀಯಾ? ನೀನೇನು ಮನುಷ್ಯನಾ ಯಂತ್ರಾನಾ?” ಎಂದಳು. ಭಾವನ ಸೂತ್ರ ಒಂದೇ ರಾತ್ರಿಯಲ್ಲಿ ಮನೆಯೆಲ್ಲ ಹಬ್ಬಿಬಿಟ್ಟಿತ್ತು.

ಅಕ್ಕನ ಕಣ್ಣು ಆ ಹರಿದ ಕಾಲರಿನ ಮೇಲೆ ಬಿತ್ತು. “ನಿಮಗೆ ಯಾರೂ ಹೇಳೋವ್ರೇ ಇಲ್ವಾ? ಒಂದು ಅಂಗಿ ಹೊಲೀತೀನಿ, ಎದ್ದು ನಿಲ್ಲಿ,” ಎಂದು ಟೇಪು ತಂದಳು. ಹೊಲಿಗೆ ಕ್ಲಾಸಿಗೆ ಬಂದಿದ್ದ ಪಕ್ಕದ ಬೀದಿಯ ಹೆಂಗಸರು ಸುತ್ತ ನಿಂತು, ಅಳತೆ ತೆಗೆಯುವುದನ್ನು ಅವರ ಮೇಲೆಯೇ ಕಲಿತರು. ಒಬ್ಬಾಕೆ ತೋಳು ಅಳೆದಳು, ಇನ್ನೊಬ್ಬಾಕೆ ಭುಜ ಅಳೆದಳು, ಎರಡೂ ತಪ್ಪೆಂದು ಅಕ್ಕ ಮತ್ತೆ ಅಳೆದಳು. ಅವರು ಹೇಳಿದ ಕಡೆ ತಿರುಗುತ್ತಾ, ಹೇಳಿದಾಗ ಕೈ ಎತ್ತುತ್ತಾ ತಾಳ್ಮೆಯಿಂದ ನಿಂತಿದ್ದರು. ಅವರ ಮುಖದಲ್ಲಿ ಒಂದು ಬಗೆಯ ನೆಮ್ಮದಿ ಕಂಡಿತು. ನನಗೇಕೋ ಅದನ್ನು ಕಂಡು ಪಾಪ ಅನ್ನಿಸಿತು.

ಅಳತೆ ತೆಗೆಯುತ್ತಾ ಅಕ್ಕ ಗಂಡನ ಗುಣಗಾನ ಮಾಡಿದಳು. “ನಿಮ್ಮ ಅಳಿಯ ಬಲು ಬುದ್ಧಿವಂತರು. ನಿನ್ನೆ ಯಂತ್ರ ಅಲಾರಂ ಹೊಡ್ಕೊಂಡಿತಂತೆ. ಬೆಳಕಿನ ಹೆಸರು ಬೇರೆ, ಕಾಯೋ ಹೆಸರು ಬೇರೆ ಅಂತ. ಇವರು ಬಂದ ಹೆಸರನ್ನೇ ಬರ್ಕೋ ಅಂತ ಅದರ ಬಾಯಿ ಮುಚ್ಚಿಸಿದ್ರು.”

ಮೇಲೆತ್ತಿದ್ದ ಅವರ ಕೈ ನಿಧಾನವಾಗಿ ಕೆಳಗಿಳಿಯಿತು. “ಕಾಯೋ ಹೆಸರನ್ನೇ ಬದಲಾಯಿಸಿದ್ರಾ?”

“ಹೂಂ. ಕೈ ಎತ್ತಿ.”

“ಅದಕ್ಕೆ ಮುಂಚೆ ಏನಾದ್ರೂ ಮುಟ್ಟಿದ್ರಾ ಅಮ್ಮ?”

“ಮುಟ್ಟೋದೇನು, ಇಡೀ ಸ್ಟೇಷನ್ನನ್ನ ತಿಕ್ಕಿ ತೊಳೆದು ಅಚ್ಚುಕಟ್ಟು ಮಾಡಿದಾರೆ.”

ಅಷ್ಟರಲ್ಲಿ ಫೋನು ಬಡಿದುಕೊಂಡಿತು. ಎತ್ತಿದವನು ನಾನು. ನೀರು ಸರಬರಾಜು ಕಚೇರಿಯ ಸಾಹೇಬರು. “ಸ್ಟೇಷನ್ನಾ? ನಮ್ಮ ಟ್ಯಾಂಕಿನೊಳಗೆ ಬಸ್ ನಿಂತಿದೆ ಕಣ್ರೀ,” ಎಂದರು. ಯಾವ ಬಸ್ ಎಂದೆ. “ಯಾವ ಬಸ್ ಅಂದ್ರೆ? ಸಾಲಾಗಿ ನಿಂತಿವೆ. ಒಬ್ಬ ಟೈರ್ ಬಿಚ್ತಾ ಇದಾನೆ. ಒಂದು ತೊಟ್ಟು ನೀರಿಲ್ಲ. ಟ್ಯಾಂಕ್ ಒಣಗಿ ನೆಲ ಕಾಣ್ತಿದೆ. ನಾನು ಪಂಪೆಲ್ಲಾ ಹಾಕಿಸಿದೀನಿ. ಎಷ್ಟು ಹೊತ್ತಾದ್ರೂ ತುಂಬ್ತಾನೇ ಇಲ್ಲ.” ನೋಡುತ್ತಾ ಇದ್ದೀವಿ ಎಂದು ಹೇಳಿ ಇಟ್ಟೆ.

ಇಟ್ಟ ಕೂಡಲೇ ಮತ್ತೆ ಬಡಿದುಕೊಂಡಿತು. ಈ ಸಲ ಡಿಪೋ ಮ್ಯಾನೇಜರರು. ಅವರ ದನಿ ಅಳುವ ಹಾಗಿತ್ತು. “ನಮ್ಮ ಡಿಪೋ ಮುಳುಗಿಹೋಗಿದೆ. ಸ್ಕ್ರೀನ್ ತುಂಬಾ ನೀರು. ಒಂದು ಬಸ್ಸಿನ ನೆತ್ತೀನೂ ಕಾಣ್ತಿಲ್ಲ. ನಾನು ಇವತ್ತಿನ ಬಸ್ಸೆಲ್ಲ ನಿಲ್ಲಿಸಿ ಅಂತ ಹೇಳಿದೀನಿ. ಡಿಪೋದವರು ಫೋನ್ ಎತ್ತಿ ಇಲ್ಲಿ ನೀರೇ ಇಲ್ಲ ಅಂತಾರೆ. ಮುಳುಗಿದವರಿಗೆ ತಲೆ ಕೆಟ್ಟಿರಬೇಕು.”

ನೀರಿನ ಸಾಹೇಬರಿಗೆ ಕಾಣದ ಟ್ಯಾಂಕು ಅಷ್ಟರಲ್ಲಿ ತುಂಬಿ, ಉಕ್ಕಿ, ಇಳಿಜಾರಿನಲ್ಲಿ ಹರಿಯತೊಡಗಿತ್ತು. ಆ ಇಳಿಜಾರಿನ ಕೆಳಗಿರುವುದು ಬಸ್ ಡಿಪೋ. ಮತ್ತೆ ಫೋನು ಬಂತು. ಅದೇ ಮ್ಯಾನೇಜರರು, ಈಗ ಹೆಮ್ಮೆಯಿಂದ, “ನಾನು ಹೇಳಲಿಲ್ವಾ? ಈಗ ಡಿಪೋದವರೇ ಒಪ್ಕೊಂಡ್ರು. ಪಾದ ಮುಳುಗೋಷ್ಟು ಬಂದಿದೆಯಂತೆ,” ಎಂದರು.

ನಾನು ಇದನ್ನೆಲ್ಲ ಹೇಳುತ್ತಿದ್ದ ಹಾಗೆ ಬಂದವರು ಚೀಲಕ್ಕೆ ಕೈ ಹಾಕಿ ಒಂದು ಮೀಟರು ಹೊರತೆಗೆದರು. ಭಾವನ ಬಳಿ ಇರುವಂಥದ್ದೇ ಮೀಟರು. ರೈಲ್ವೆಯಲ್ಲಿ ಟಿಕೆಟ್ ನೋಡುವವರಿಗೆ ಅದೇಕೆ ಎಂದು ನಾನು ಯೋಚಿಸುವಷ್ಟರಲ್ಲಿ ಮತ್ತೆ ಫೋನು. ಈ ಸಲ ಭಾವ. ಸ್ಟೇಷನ್ನಿನ ಬ್ಯಾಟರಿ ಕೋಣೆಯಿಂದ ಪಿಸುಗುಟ್ಟುತ್ತಿದ್ದರು.

“ಬಲು ಖಡಕ್ ಮನುಷ್ಯ ಕಣೋ ಈ ಅಧಿಕಾರಿ. ಬಸ್ ಇಳಿದಾಗ್ಲೇ ಗುರುತು ಹಿಡಿದೆ. ಆ ಗತ್ತು, ಹಿಂದೆ ಕಟ್ಟಿದ ಕೈ. ಸಾರ್ ಬನ್ನಿ ಅಂದೆ, ಹೂಂ ಅಂದ್ರು. ಅಷ್ಟೇ ಮಾತು. ಒಂದೊಂದು ಯಂತ್ರಕ್ಕೂ ಮೂಗು ತಾಗಿಸಿ ನೋಡ್ತಾರೆ, ಏನೂ ಬಿಡಲ್ಲ. ಎಲ್ಲಾ ಹಸಿರು, ಬಚಾವಾದೆ. ಆದರೆ ಬಾಗಿಲಲ್ಲಿ ಒಂದು ಸಲ ಎದೆ ಧಸಕ್ ಅಂತು.”

“ಯಾಕೆ?”

“ಕೈ ಚಾಚಿ ಟಿಕೆಟ್ ಅಂದ್ರು. ನಾನು ಗಾಬರಿಯಾಗಿ ನನ್ನ ಗುರುತಿನ ಚೀಟಿ ತೋರಿಸಿದೆ. ಬೆನ್ನು ತಟ್ಟಿ ನಕ್ಕರು.”

ನಾನು ಫೋನನ್ನು ಹಾಗೇ ಹಿಡಿದು ತಿರುಗಿ ನೋಡಿದೆ. ನಮ್ಮ ಮನೆಯ ನಡುವೆ ಸೊಂಟಕ್ಕೆ ಟೇಪು ಸುತ್ತಿಸಿಕೊಂಡು ನಿಂತಿದ್ದವರನ್ನು, ಅಕ್ಕನ ಎದುರಿಗೇ, ಕೇಳಬಾರದ ಪ್ರಶ್ನೆ ಕೇಳಿದೆ. “ನೀವು ಯಾರು?”

ಅವರು ಟೇಪನ್ನು ಬಿಚ್ಚಿ ಮಡಚಿ ಅಕ್ಕನ ಕೈಗೆ ಕೊಟ್ಟರು. “ನಾನು ನಿಮ್ಮ ಯಜಮಾನರ ಸ್ಟೇಷನ್ ಪರೀಕ್ಷೆಗೆ ಬಂದವನಮ್ಮ. ನಿನ್ನೆ ಸಂಜೆಯೇ ಬಂದು ಲಾಡ್ಜಿನಲ್ಲಿ ಇಳಿದೆ. ಹೇಳೋಕೆ ಎಷ್ಟೋ ಸಲ ನೋಡಿದೆ. ನೀವು ಕೈ ಎತ್ತಿ ಅಂದ್ರಿ.” ಕಾಲರಿನ ಅಂಚು ಮುಟ್ಟಿಕೊಂಡು, “ಆಮೇಲೆ ಹೇಳೋಕೆ ಮನಸ್ಸೇ ಬರಲಿಲ್ಲ. ಎಲ್ಲೇ ಹೋದ್ರೂ ಸಾರ್ ಸಾರ್ ಅಂತಾರೆ. ಕಾಲರ್ ಹರಿದಿದೆ ಅಂತ ಯಾರೂ ಹೇಳಿರಲಿಲ್ಲ,” ಎಂದರು.

ಅಕ್ಕನ ಬಾಯಲ್ಲಿದ್ದ ಗುಂಡುಸೂಜಿ ನೆಲಕ್ಕೆ ಬಿತ್ತು. ಗುಡ್ಡ, ಟವರು, ಗಾಳಿ ಎಲ್ಲ ಅವಳ ಕಣ್ಣ ಮುಂದೆ ಹಾದುಹೋದದ್ದು ನನಗೂ ಕಂಡಿತು. ತನ್ನ ಬಾಯಿಂದಲೇ ಗಂಡನ ಕೆಲಸಕ್ಕೆ ಕಲ್ಲು ಹಾಕಿದ್ದಳು. ಆದರೆ ಅಕ್ಕ ಅಕ್ಕನೇ. “ಅಂಗಿ ಅಳತೆ ಆಗಿದೆ, ಹೊಲಿಯೋದಂತೂ ಹೊಲಿಯೋದೇ,” ಎಂದು ಹೇಳಿ ಚಪ್ಪಲಿ ಮೆಟ್ಟಿಕೊಂಡಳು. ಮೂವರೂ ಸ್ಟೇಷನ್ನಿಗೆ ಹೊರಟೆವು. ಅಧಿಕಾರಿಗಳ ಮುಖ ನೋಡಿ ಏನನ್ನೂ ಊಹಿಸುವಂತಿರಲಿಲ್ಲ. ನೀರಿನ ಕಚೇರಿಗೆ ಪಂಪು ನಿಲ್ಲಿಸಲು ಹೇಳಿಬಿಡಿ ಎಂದಷ್ಟೇ ನನಗೆ ಹೇಳಿದರು. ಅದನ್ನು ಮಾಡಿದೆ. ಸಾಹೇಬರು “ಬಸ್ಸುಗಳನ್ನ ಏನು ಮಾಡ್ಲಿ?” ಎಂದು ಕೇಳಿದ್ದಕ್ಕೆ ನೋಡುತ್ತಾ ಇದ್ದೀವಿ ಎಂದೆ.

ಸ್ಟೇಷನ್ನಿನಲ್ಲಿ ಭಾವ ದೊಡ್ಡಪ್ಪನಿಗೆ ಹಳದಿ ವೈರುಗಳ ಸಾಲನ್ನು ತೋರಿಸುತ್ತಿದ್ದರು. ದೊಡ್ಡಪ್ಪ ಮೂಗು ಹತ್ತಿರ ಒಯ್ದು “ಹೂಂ” ಎನ್ನುತ್ತಿದ್ದರು. ಕಿವಿಗಳು ಫೋಟೋದಲ್ಲಿದ್ದಷ್ಟೇ ದೊಡ್ಡವಾಗಿದ್ದವು. ನಾನು ಭಾವನನ್ನು ಪಕ್ಕಕ್ಕೆ ಎಳೆದು, ಯಾರು ಯಾರೆಂದು ಹೇಳಿದೆ. ಟ್ಯಾಂಕಿನಲ್ಲಿ ಬಸ್ಸು ಕಂಡದ್ದನ್ನೂ ಡಿಪೋದಲ್ಲಿ ನೀರು ಕಂಡದ್ದನ್ನೂ ಹೇಳಿದೆ. ಅಕ್ಕ ಮನೆಯಲ್ಲಿ ಏನೇನು ಬಾಯಿಬಿಟ್ಟಿದ್ದಾಳೆ ಎಂಬುದನ್ನು ಹೇಳುವಷ್ಟರಲ್ಲಿ ಅಧಿಕಾರಿಗಳೇ ಮುಂದೆ ಬಂದರು.

ಭಾವ ಅವರನ್ನೂ ದೊಡ್ಡಪ್ಪನನ್ನೂ ಮಿಕಿಮಿಕಿ ನೋಡಿದರು. “ಹಾಗಾದ್ರೆ ಇವರು ಯಾರು ಅಂತ ನಾನು ಬೆಳಿಗ್ಗೆಯಿಂದ ಕೇಳಲೇ ಇಲ್ವಲ್ಲ,” ಎಂದರು.

“ನಾನೂ ಅದನ್ನೇ ಯೋಚಿಸ್ತಿದ್ದೆ,” ಎಂದರು ದೊಡ್ಡಪ್ಪ. “ಬೆಳಗಿನ ಬಸ್ಸೇ ಸಿಕ್ತು ಅಂತ ಬೇಗ ಬಂದೆ. ಅಳಿಯಂದಿರು ಮನೆಗೆ ಕರ್ಕೊಂಡು ಹೋಗೋದು ಬಿಟ್ಟು ಇಲ್ಲಿಗ್ಯಾಕೆ ಕರ್ಕೊಂಡು ಬಂದ್ರು ಅಂತ. ಸಾರ್ ಅಂದ್ರು. ಸರ್ವೀಸೆಲ್ಲ ಜನ ನನ್ನನ್ನ ಸಾರ್ ಅಂತಾನೇ ಕರೆದಿದ್ದು. ಅದಕ್ಕೆ ನನಗೇನೂ ಅನ್ನಿಸಲಿಲ್ಲ.”

ಅಧಿಕಾರಿಗಳು ದೀಪಗಳ ಸಾಲನ್ನು ನೋಡಿದರು. “ಎಲ್ಲಾ ಹಸಿರಾಗಿದೆ. ಒಂದೂ ಅಲಾರಂ ಇಲ್ಲ. ಎಲ್ಲಾ ಸರಿಯಾಗಿದೆ ಅಂತ ಬರೀಬಹುದಾ?” ಎಂದು ಭಾವನನ್ನು ಕೇಳಿದರು.

ಹೌದು ಎಂದುಬಿಟ್ಟರೆ ಪರೀಕ್ಷೆ ದಾಟಿದ ಹಾಗೆಯೇ ಎಂದು ಭಾವ ತಿಳಿದಿದ್ದರು. ಅವರು ಅಕ್ಕನನ್ನು ನೋಡಿದರು. ಅಕ್ಕ ನೆಲ ನೋಡಿದಳು. ಭಾವ ಆ ಎರಡು ನೇರವಾದ ವೈರುಗಳನ್ನು ನೋಡಿದರು. ಆಗ ಅವರ ಮುಖದಲ್ಲಿ ನಿನ್ನೆಯ ಆ ಕುತೂಹಲ ಮತ್ತೆ ಮೂಡಿತು. ಗುಡ್ಡವನ್ನು ಅವರು ಮರೆತೇಬಿಟ್ಟರೆಂದು ಕಾಣುತ್ತದೆ. “ಒಂದು ನಿಮಿಷ ಸಾರ್,” ಎಂದು ಕಂಪ್ಯೂಟರಿನ ಮುಂದೆ ಕೂತು, ಮೊದಲಿದ್ದ ಹೆಸರುಗಳನ್ನು ಮತ್ತೆ ಟೈಪ್ ಮಾಡಿದರು.

ಯಂತ್ರ ಅಧಿಕಾರಿಗಳ ಮುಖದ ಎದುರಿಗೇ ಕೂಗಿಕೊಂಡಿತು. ಎರಡು ದೀಪಗಳು ಹಳದಿಯಾದವು. ದೊಡ್ಡಪ್ಪ ಒಂದು ಹೆಜ್ಜೆ ಹಿಂದೆ ಸರಿದರು.

“ನಿನ್ನೆ ಇದು ಹೀಗೇ ಹೇಳ್ತಾ ಇತ್ತು ಸಾರ್,” ಎಂದರು ಭಾವ. “ಬೆಳಕು ಸರಿಯಾಗಿದೆ, ಆದರೆ ಬರಬೇಕಾದವರು ಇವರಲ್ಲ ಅಂತ. ನಾನೇ ಬಾಯಿ ಮುಚ್ಚಿಸಿದೆ. ವೈರು ಅಡ್ಡ ಇದ್ದದ್ದೇ ಸರಿ. ನೇರ ಮಾಡಿದ್ದು ನಾನು.” ಎದ್ದು ಎರಡು ವೈರುಗಳನ್ನು ಕಿತ್ತು, ತುದಿ ಒರೆಸಿ, ಮೊದಲಿನ ಹಾಗೆ ಅಡ್ಡಡ್ಡವಾಗಿ ಚುಚ್ಚಿದರು. ಕೂಗು ನಿಂತಿತು. ದೀಪಗಳು ಹಸಿರಾದವು. ವೈರುಗಳು ನೋಡಲು ಅಸಹ್ಯವಾಗಿದ್ದವು.

“ಗೊತ್ತಿತ್ತು,” ಎಂದರು ಅಧಿಕಾರಿಗಳು. “ನಿಮ್ಮ ಮನೆಯವರು ಬೆಳಿಗ್ಗೆಯೇ ಹೇಳಿದ್ರು.”

ಭಾವನ ಮುಖ ಇಂಗು ತಿಂದ ಮಂಗನ ಹಾಗಾಯಿತು. ಅಧಿಕಾರಿಗಳು ಹಾಳೆ ತೆಗೆದು ಏನೋ ಬರೆದುಕೊಂಡರು. ವೈರುಗಳ ಎರಡೂ ತುದಿಗೆ ಹೆಸರಿನ ಚೀಟಿ ಕಟ್ಟಬೇಕೆಂದರು. ನೀರಿನವರಿಗೂ ಡಿಪೋದವರಿಗೂ ಭಾವನೇ ಹೋಗಿ ಕ್ಷಮೆ ಕೇಳಬೇಕೆಂದರು. ಇನ್‌ಚಾರ್ಜ್ ವಿಷಯ ಎತ್ತಲೇ ಇಲ್ಲ. ಕೊಡೆ ತೆಗೆದುಕೊಂಡು ಹೊರಟವರು ಬಾಗಿಲಲ್ಲಿ ನಿಂತು, “ನಿಮ್ಮ ಗೇಟಿನ ಬೋರ್ಡು, ನನ್ನ ಹತ್ರ ಇರೋ ಕಾಗದ, ಎರಡೂ ಹೊಂದ್ತಾ ಇಲ್ಲ. ಯಾವುದನ್ನ ತಿದ್ದಬೇಕು ಅಂತ ಯೋಚನೆ ಮಾಡಿ,” ಎಂದು ಹೇಳಿ ಹೋದರು.

ಭಾವ ಯೋಚನೆ ಮಾಡಲು ಸಮಯ ತೆಗೆದುಕೊಳ್ಳಲಿಲ್ಲ. ಆ ಸಂಜೆಯೇ ಸ್ಕ್ರೂ ಬಿಚ್ಚಿ ಬೋರ್ಡನ್ನು ಮಂಚದ ಕೆಳಗೆ ತಳ್ಳಿದರು. ಮೇಷ್ಟರು ಖಾಲಿ ಗೇಟನ್ನೂ ಸ್ಕ್ರೂ ತೂತುಗಳನ್ನೂ ಬಹಳ ಹೊತ್ತು ಓದಿದರು. ಅಕ್ಕ ಗುಡ್ಡದ ಮೇಲೆ ನೀರು ಸಿಗುತ್ತದೆಯೇ ಎಂದು ಒಂದು ದಿನ ಸುಮ್ಮನೆ ಕೇಳಿದಳು. ಬರಲ್ಲ ಎಂದವಳು ಹಾಗೆ ಕೇಳಿದ್ದು ಕಂಡು ಭಾವ ಕಣ್ಣು ಒರೆಸಿಕೊಂಡರು. ಈರುಳ್ಳಿ ಹೆಚ್ಚುತ್ತಿದ್ದೆ ಎಂದರು, ಕೈಯಲ್ಲಿ ಈರುಳ್ಳಿ ಇರಲಿಲ್ಲ.

ಅಂದಿನಿಂದ ನಮ್ಮ ಮನೆಯಲ್ಲಿ ಯಾರು ಬಂದರೂ ಬಾಗಿಲು ತೆಗೆಯುವ ಮೊದಲು ಹೆಸರು ಕೇಳುವ ಪದ್ಧತಿ ಬಂತು. ಹಾಲಿನವನನ್ನು ಕೇಳಿದರು. ಹೊಲಿಗೆ ಕ್ಲಾಸಿನವರನ್ನು ಕೇಳಿದರು. ನಾನು ಮಹಡಿಯಿಂದ ಇಳಿದು ಬಂದರೂ ಕೇಳಿದರು. ದೊಡ್ಡಪ್ಪನಿಗೆ ಈ ಪದ್ಧತಿ ಬಹಳ ಹಿಡಿಸಿತು. ನಾನು ಮಾಡಿಕೊಟ್ಟ ಹೊಸ ಕನ್ನಡಕ ಹಾಕಿಕೊಂಡು ಬಾಗಿಲಿನ ಪಕ್ಕದಲ್ಲೇ ಕುರ್ಚಿ ಹಾಕಿಸಿಕೊಂಡರು.

ಒಂದು ಭಾನುವಾರ ಬಾಗಿಲು ಬಡಿದ ಸದ್ದಾಯಿತು. ಭಾವ ಒಳಗಿನಿಂದಲೇ, “ಯಾರು?” ಎಂದರು.

“ದೊಡ್ಡಪ್ಪ,” ಎಂದು ಹೊರಗಿನಿಂದ ಉತ್ತರ ಬಂತು.

ಭಾವ ಕುರ್ಚಿಯಲ್ಲಿದ್ದ ದೊಡ್ಡಪ್ಪನನ್ನು ನೋಡಿದರು. ನನ್ನನ್ನು ನೋಡಿದರು. “ಹೊಂದ್ತಾ ಇಲ್ಲ ಕಣೋ,” ಎಂದರು.

“ಹೊಂದದಿದ್ರೆ ಬಿಡಿ. ಅಂಗಿ ಹೊಲಿದು ಇಟ್ಟಿದೀನಿ, ಬಾಗಿಲು ತೆಗೀರಿ,” ಎಂದು ಅಡುಗೆಮನೆಯಿಂದ ಅಕ್ಕನ ದನಿ ಬಂತು.

ಭಾವ ಬಾಗಿಲು ತೆಗೆದರು. ಅಧಿಕಾರಿಗಳು ಅದೇ ಕೊಡೆ, ಅದೇ ಚೀಲ, ಅದೇ ಹರಿದ ಕಾಲರಿನೊಂದಿಗೆ ನಿಂತಿದ್ದರು. ಹೊಸ್ತಿಲು ದಾಟುವ ಮೊದಲೇ ನಮ್ಮ ನಿಜವಾದ ದೊಡ್ಡಪ್ಪ ಕುರ್ಚಿಯಿಂದಲೇ ಕೈ ಚಾಚಿ, ಗಂಭೀರವಾಗಿ, “ಟಿಕೆಟ್?” ಎಂದರು.

ಅಧಿಕಾರಿಗಳು ಜೇಬಿಗೆ ಕೈ ಹಾಕಿ, ಮಡಚಿದ ಒಂದು ಕಾಗದ ತೆಗೆದು ಆ ಕೈಗೆ ಇಟ್ಟರು. ದೊಡ್ಡಪ್ಪ ಹೊಸ ಕನ್ನಡಕದಲ್ಲಿ ಅದನ್ನು ಮೇಲಿನಿಂದ ಕೆಳಗಿನವರೆಗೆ ಓದಿದರು. ಹಿಂದುಮುಂದು ತಿರುಗಿಸಿ ನೋಡಿದರು. ಸರ್ವೀಸಿನಲ್ಲಿ ಒಬ್ಬರಿಗೂ ರಿಯಾಯಿತಿ ತೋರದವರು ಅವರು.

“ಸ್ಟೇಷನ್ ಇನ್‌ಚಾರ್ಜ್. ಅಳಿಯಂದಿರ ಹೆಸರೇ ಇದೆ,” ಎಂದರು. “ಟಿಕೆಟ್ ಸರಿಯಾಗಿದೆ. ಒಳಗೆ ಬಿಡಿ.”

ಭಾವ ಸ್ಕ್ರೂಡ್ರೈವರ್ ಹುಡುಕಲು ಹೋದರು.